ಒಂದು ಗಿಟಾರ್, ಒಂದು ಕವಿತೆಯ ಕಟ್ಟು, ಏಳು ಊರು: ಸ್ವತಂತ್ರ ಹಾಡುಗಾರ-ಕವಿಗಳಿಗೆ ಪ್ರವಾಸದ ಸಮಗ್ರ ಮಾರ್ಗದರ್ಶಿ

ತಾವೇ ಬರೆದು, ತಾವೇ ರಾಗ ಕೂಡಿಸಿ ಹಾಡುತ್ತ, ನಡುನಡುವೆ ಕವಿತೆ ಓದುವವರಿಗೆ ಹಳ್ಳಿ ಮತ್ತು ಸಣ್ಣ ಊರುಗಳ ಜಾಗಗಳು ಹೇಳಿ ಮಾಡಿಸಿದಂತಿವೆ. ಗ್ರಂಥಾಲಯದ ಹಜಾರ, ಶಾಲೆಯ ಸಭಾಂಗಣ, ಸಮುದಾಯ ಭವನ, ತೋಟದ ಮನೆಯ ಅಂಗಳ, ಖಾಲಿ ಉಗ್ರಾಣ ಎಲ್ಲವೂ ನಡೆಯುತ್ತವೆ. ಎದುರಿಗೆ ಮೂವತ್ತು ನಲವತ್ತು ಜನ, ಹೆಚ್ಚಿನವರು ಕೇಳಲೆಂದೇ ಬಂದವರು. ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತವರಿಗೆ ಮಾತು ಸ್ಪಷ್ಟವಾಗಿ ಮುಟ್ಟಿತೇ ಎಂಬುದರ ಮೇಲೆ ಇಡೀ ಪ್ರವಾಸ ನಿಂತಿದೆ. ನಾಲ್ಕು ಪದ ಕೇಳಿಸದಿದ್ದರೂ ಹಾಡು ರಾಗದ ಬಲದಿಂದ ದಡ ಸೇರುತ್ತದೆ. ಕವಿತೆಯಲ್ಲಿ ಒಂದು ಪದ ತಪ್ಪಿದರೆ ಸಾಲೇ ಕೆಟ್ಟಿತು. ದಾರಿ, ದುಡ್ಡು, ಸಾಮಾನು, ಗಂಟಲು ಎಂದು ಕೆಳಗೆ ಹೇಳಿರುವುದೆಲ್ಲ ಆ ಪದವನ್ನು ಕೇಳುಗರ ಕಿವಿಯವರೆಗೆ ಕೆಡದಂತೆ ಒಯ್ಯುವ ಕೆಲಸವೇ.

1. ಮೊದಲು ಲೆಕ್ಕ

ಲೆಕ್ಕವನ್ನು ಕಾರ್ಯಕ್ರಮಗಳಿಂದ ಶುರು ಮಾಡಬೇಡಿ, ಮನೆಯಿಂದ ಹೊರಗಿರುವ ದಿನಗಳಿಂದ ಶುರು ಮಾಡಿ. ಹಾಡದ ದಿನವೂ ಊಟ, ವಸತಿ ಬೇಕೇ ಬೇಕು. ಹೆಚ್ಚಿನ ಪ್ರವಾಸಗಳು ನಷ್ಟಕ್ಕೆ ಬೀಳುವುದು ಈ ಖಾಲಿ ದಿನಗಳಿಂದಲೇ.

10 ದಿನ, 7 ಕಾರ್ಯಕ್ರಮ ಎಂದಿಟ್ಟುಕೊಳ್ಳಿ. ಇಂಧನ, ವಸತಿ, ಊಟ, ತಂತಿ, ಬ್ಯಾಟರಿ, ವಾಹನದ ಸವಕಳಿ, ಪುಸ್ತಿಕೆ ಅಚ್ಚಿನ ಖರ್ಚು ಸೇರಿ ಒಟ್ಟು 70 ಪಾಲು ಆಯಿತು ಎನ್ನೋಣ (ಇಲ್ಲಿ ಪಾಲು ಎಂದರೆ ಲೆಕ್ಕಕ್ಕೆಂದು ಹಿಡಿದ ಹಣದ ಒಂದು ಅಳತೆ, ಅದು ಎಷ್ಟು ರೂಪಾಯಿ ಎಂಬುದನ್ನು ನೀವೇ ಇಟ್ಟುಕೊಳ್ಳಿ). ಏಳರಲ್ಲಿ ಒಂದು ರದ್ದಾಗುತ್ತದೆ ಎಂದೇ ಹಿಡಿದು 6ರಿಂದ ಭಾಗಿಸಿ: ಕಾರ್ಯಕ್ರಮಕ್ಕೆ ಸುಮಾರು 12 ಪಾಲು. ಟಿಕೆಟ್ ಅರ್ಧ ಪಾಲಾದರೆ ಬರೀ ಖರ್ಚು ಹುಟ್ಟಲು 24 ಜನ ಬೇಕು. ಇದರಲ್ಲಿ ನಿಮ್ಮ ಕೂಲಿ ಸೇರಿಲ್ಲ. ದಿನಕ್ಕೆ 2 ಪಾಲಿನಂತೆ 10 ದಿನದ ಕೂಲಿ ಸೇರಿಸಿದರೆ ಒಟ್ಟು 90, ಆರರಿಂದ ಭಾಗಿಸಿದರೆ 15, ಅಂದರೆ 30 ಜನ. ಈ ಸಂಖ್ಯೆ ಕೈಯಲ್ಲಿದ್ದರೆ ಇಪ್ಪತ್ತು ಕುರ್ಚಿಯ ಜಾಗದವರು ಕರೆದಾಗ ಏನು ಕೇಳಬೇಕೆಂದು ತಕ್ಷಣ ಗೊತ್ತಾಗುತ್ತದೆ.

ಹಣ ಬರುವ ದಾರಿ ಮೂರು. ನಿಗದಿತ ಸಂಭಾವನೆ, ಟಿಕೆಟ್ ಹಣದಲ್ಲಿ ಪಾಲು, ಕೇಳುಗರು ಮನಸಾರೆ ಹಾಕುವ ಬುಟ್ಟಿ. ಮೊದಲೆರಡನ್ನು ಕೂಡಿಸಿ ಕೇಳುವುದು ಒಳ್ಳೆಯದು: "ಕನಿಷ್ಠ ಇಷ್ಟು, ಇಲ್ಲವೇ ಟಿಕೆಟ್ ಹಣದ 70%, ಯಾವುದು ಹೆಚ್ಚೋ ಅದು." ಕನಿಷ್ಠ 20 ಪಾಲು ಎಂದಾದರೆ, 50 ಜನ ಬಂದಾಗ ಟಿಕೆಟ್ ಹಣ 25, ಅದರ 70% ಹದಿನೇಳೂವರೆ. ನಿಮಗೆ 20 ಸಿಗುತ್ತದೆ. 80 ಜನ ಬಂದರೆ 28 ಸಿಗುತ್ತದೆ. ಟಿಕೆಟ್ ಹಣದಿಂದ ಬಾಡಿಗೆ, ಚಹಾ, ಕರಪತ್ರದ ಖರ್ಚು ಕಳೆದ ಮೇಲೆ 70 ಶೇಕಡವೋ, ಕಳೆಯುವ ಮೊದಲೋ ಎಂಬುದನ್ನು ಆಗಲೇ ಕೇಳಿಬಿಡಿ. ಜಗಳ ಹುಟ್ಟುವುದು ಇದೊಂದೇ ಜಾಗದಲ್ಲಿ.

ಬುಟ್ಟಿಯ ಮಾತನ್ನು ಹಾಡುಗಾರರು ತಾವೇ ಆಡಬಾರದು. ಕೊನೆಯ ಎರಡು ಹಾಡು ಉಳಿದಿರುವಾಗ ಆಯೋಜಕರು ನಿಂತು, ಹಣ ಯಾರಿಗೆ, ಯಾವುದಕ್ಕೆ ಹೋಗುತ್ತದೆ ಎಂದು ಎರಡೇ ವಾಕ್ಯದಲ್ಲಿ ಹೇಳಲಿ. ಎಲ್ಲ ಮುಗಿದ ಮೇಲೆ ಹೇಳಿದರೆ ಅಷ್ಟರಲ್ಲಿ ಅರ್ಧ ಜನ ಬಾಗಿಲ ಹೊರಗಿರುತ್ತಾರೆ. ಕ್ಯೂಆರ್ ಹಲಗೆಯನ್ನೂ ಇಡಿ, ಆದರೆ ದಪ್ಪ ಗೋಡೆಯ ಕಟ್ಟಡದೊಳಗೆ ಸಿಗ್ನಲ್ ಸಿಗುತ್ತದೆಯೇ ಎಂದು ಮೊದಲೇ ನೋಡಿ, ಸಿಗುವ ಕಡೆಗೇ ಮೇಜು ಹಾಕಿಸಿ.

2. ಜಾಗ ಹುಡುಕುವುದು, ಪತ್ರ ಬರೆಯುವುದು

ಖಚಿತ ಸಂಭಾವನೆ ಕೊಡುವ ಒಂದು ಕಾರ್ಯಕ್ರಮವನ್ನು ಮೊದಲು ಗಟ್ಟಿ ಮಾಡಿಕೊಂಡು ಅದನ್ನೇ ಗೂಟವಾಗಿ ನೆಡಿ. ಉಳಿದವನ್ನು ಅದರ ಹಿಂದುಮುಂದಿನ ದಿನಗಳಿಗೆ ಪೋಣಿಸುತ್ತ ಹೋಗಿ. ಸಮಿತಿ ಇರುವ ಸಭಾಂಗಣಗಳಿಗೆ 4ರಿಂದ 6 ತಿಂಗಳು ಮೊದಲು ಬರೆಯಬೇಕು, ಅವರ ಸಭೆ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಡೆಯುತ್ತದೆ. ಮನೆಯಂಗಳದ ಕಾರ್ಯಕ್ರಮಕ್ಕೆ 8 ವಾರ ಸಾಕು.

ಪತ್ರ 120 ಪದ ದಾಟದಿರಲಿ. ಅದರಲ್ಲಿ ಇರಬೇಕಾದದ್ದು: ನೀವು ಏನು ಮಾಡುತ್ತೀರಿ ಎಂಬ ಒಂದು ವಾಕ್ಯ, ಆ ಊರಿನ ಹತ್ತಿರ ಇರುವ ಮೂರು ನಾಲ್ಕು ದಿನಾಂಕ, 90 ಸೆಕೆಂಡಿನ ಒಂದೇ ಒಂದು ವಿಡಿಯೊ ಕೊಂಡಿ, "ಧ್ವನಿವರ್ಧಕ ನಾನೇ ತರುತ್ತೇನೆ, ಒಂದು ಪ್ಲಗ್ ಮತ್ತು ಕೈಯಿಲ್ಲದ ಒಂದು ಕುರ್ಚಿ ಸಾಕು" ಎಂಬಂಥ ತಾಂತ್ರಿಕ ಸಾಲು, ಮತ್ತು ಹಣದ ಮಾತು. ಹಣದ ವಿಷಯ ಮುಚ್ಚಿಟ್ಟು ಬರೆದರೆ ಉತ್ತರವೇ ಬರುವುದಿಲ್ಲ, ಯಾಕೆಂದರೆ ಕೇಳಲು ಅವರಿಗೂ ಮುಜುಗರ. ವಿಡಿಯೊದಲ್ಲಿ ಸ್ಟುಡಿಯೊದ ಹೊಳಪು ಬೇಡ. ಒಂದು ಕೋಣೆ, ನೀವು, ಅರ್ಧ ಹಾಡು, ಆರು ಸಾಲಿನ ಕವಿತೆ. ತಮ್ಮ ಜಾಗದಲ್ಲಿ ಇದು ಹೇಗೆ ಕಾಣುತ್ತದೆ ಎಂದು ಅವರು ಕಲ್ಪಿಸಿಕೊಳ್ಳುವಂತಿರಬೇಕು.

ಹತ್ತು ದಿನದಲ್ಲಿ ಉತ್ತರ ಇಲ್ಲದಿದ್ದರೆ ಫೋನ್ ಮಾಡಿ. ಮಾತಾಡುವಾಗ ಮರೆಯದೆ ಕೇಳಬೇಕಾದ ಪ್ರಶ್ನೆ: "ಅದೇ ವಾರ ಊರಲ್ಲಿ ಬೇರೇನಿದೆ?" ಕೊಯ್ಲು, ಪರೀಕ್ಷೆ, ಉತ್ಸವ, ದೊಡ್ಡ ಪಂದ್ಯ, ಯಾವುದಿದ್ದರೂ ಸಣ್ಣ ಊರಿನ ಅಷ್ಟೂ ಜನ ಅಲ್ಲೇ ಇರುತ್ತಾರೆ. ದಿನ ಬದಲಿಸುವುದೇ ಲೇಸು.

ಪ್ರಚಾರದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಎ3 ಭಿತ್ತಿಪತ್ರ ಮೂರು ವಾರ ಮೊದಲು ತಲುಪಲಿ, ಅದರಲ್ಲಿ ವಾರ, ದಿನಾಂಕ, ಗಂಟೆ, ಜಾಗ ಹತ್ತು ಹೆಜ್ಜೆ ದೂರದಿಂದ ಓದುವಂತಿರಲಿ. ಕಾಣದ ಊರಿನಲ್ಲಿ ನಿಮ್ಮ ಹೆಸರಿಗಿಂತ ಕರೆಸಿದವರ ಹೆಸರಿಗೆ ತೂಕ ಹೆಚ್ಚು, ಅದನ್ನು ಮೇಲೆ ಹಾಕಿ. ಕೊನೆಯ ವಾರ ಆಯೋಜಕರು ತಾವೇ ಇಪ್ಪತ್ತು ಮನೆಗೆ ಫೋನ್ ಮಾಡುವುದಕ್ಕೆ ಸಮನಾದ ಪ್ರಚಾರ ಇನ್ನೊಂದಿಲ್ಲ.

3. ದಾರಿ

ನಕ್ಷೆಯಲ್ಲಿ ಊರುಗಳನ್ನು ಬಳೆಯಂತೆ ಸುತ್ತು ಬರುವ ಹಾಗೆ ಜೋಡಿಸಿ. ಮತ್ತೆ ಮತ್ತೆ ನಡುವಿನ ಒಂದು ಊರಿಗೆ ಮರಳುವಂತಾದರೆ ಇಂಧನವೂ ಮೈಯೂ ಸವೆಯುತ್ತವೆ. ಕಾರ್ಯಕ್ರಮದ ದಿನ 150 ಕಿ.ಮೀ. ದಾಟಬೇಡಿ. ತಿರುವು, ಏರಿಳಿತದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ಲೆಕ್ಕ ಹಿಡಿಯಿರಿ, ಫೋನಿನ ನಕ್ಷೆ ತೋರಿಸುವ ಹೊತ್ತಿಗೆ ಕಾಲು ಭಾಗ ಸೇರಿಸಿ. ಮೂರು ದಿನ ಹಾಡಿದರೆ ನಾಲ್ಕನೇ ದಿನ ಬಿಡುವು.

ಕಾರ್ಯಕ್ರಮ ಮುಗಿದ ರಾತ್ರಿ ದೂರ ಓಡಿಸಬೇಡಿ. ಹಾಡಿದ ಉಮೇದು ಒಂದು ಗಂಟೆ ಎಚ್ಚರವಾಗಿಡುತ್ತದೆ, ಆಮೇಲೆ ಒಮ್ಮೆಲೇ ನಿದ್ದೆ ಎಳೆಯುತ್ತದೆ. ವಸತಿ ಅದೇ ಊರಲ್ಲಿ, ಹೆಚ್ಚೆಂದರೆ ಅರ್ಧ ಗಂಟೆ ದೂರದಲ್ಲಿರಲಿ. ಆತಿಥೇಯರ ಮನೆಯಲ್ಲೇ ಉಳಿಯುವುದಾದರೆ ಒಳಗಿನಿಂದ ಚಿಲಕ ಹಾಕುವ ಬೇರೆ ಕೋಣೆ ಇದೆಯೇ ಎಂದು ಮುಂಚೆಯೇ ಕೇಳಿ, ಸಂಕೋಚಪಡಬೇಡಿ. ಊರು, ವಿಳಾಸ, ಹೊರಡುವ ಮತ್ತು ತಲುಪುವ ಹೊತ್ತು ಬರೆದ ಹಾಳೆಯೊಂದು ನಿಮ್ಮವರ ಕೈಯಲ್ಲಿರಲಿ.

4. ಒಂದು ಪುಟದ ಒಪ್ಪಂದ

ಸ್ನೇಹಿತರೇ ಕರೆದಿದ್ದರೂ ಬರವಣಿಗೆಯಲ್ಲಿ ಇರಲಿ. ದಿನಾಂಕ, ಬಾಗಿಲು ತೆರೆಯುವ ಹೊತ್ತು, ಆರಂಭ, ಒಟ್ಟು ಅವಧಿ, ಸಂಭಾವನೆ ಎಷ್ಟು ಮತ್ತು ಯಾವಾಗ (ಅದೇ ರಾತ್ರಿ ಎಂದು ಬರೆಸಿ), ಧ್ವನಿವರ್ಧಕ ಯಾರದು, ಕುರ್ಚಿ ಎಷ್ಟು, ಊಟ ಮತ್ತು ವಸತಿ, ಮಳೆ ಬಂದರೆ ಪರ್ಯಾಯ ಜಾಗ ಯಾವುದು, ರದ್ದಾದರೆ ಏನು. ಎರಡು ವಾರದೊಳಗೆ ಅವರು ರದ್ದು ಮಾಡಿದರೆ ಅರ್ಧ ಸಂಭಾವನೆ ಎಂಬುದು ನ್ಯಾಯವಾದ ಷರತ್ತು. ನೀವೇ ರದ್ದು ಮಾಡಿದರೆ ನಿಮ್ಮ ಖರ್ಚಿನಲ್ಲಿ ಮತ್ತೊಂದು ದಿನ ಬರುವುದಾಗಿ ಬರೆದುಕೊಡಿ.

ಇನ್ನೆರಡು ಸಾಲು ಬಹಳಷ್ಟು ಜನ ಮರೆಯುತ್ತಾರೆ. ಒಂದು, ರೆಕಾರ್ಡಿಂಗ್: ಯಾರು ಚಿತ್ರೀಕರಿಸಬಹುದು, ಎಷ್ಟು ನಿಮಿಷ, ಎಲ್ಲಿ ಹಾಕಬಹುದು. ಅಚ್ಚಾಗದ ಕವಿತೆ ಪೂರ್ತಿಯಾಗಿ ಜಾಲತಾಣಕ್ಕೆ ಹೋದರೆ, ಈಗಾಗಲೇ ಪ್ರಕಟವಾದದ್ದು ಎಂದು ಕೆಲವು ಪತ್ರಿಕೆಗಳು ಅದನ್ನು ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಸಂಗೀತ ಪ್ರದರ್ಶನದ ಪರವಾನಗಿ ಶುಲ್ಕ ಬೇಕಾದ ಕಡೆ ಅದನ್ನು ಯಾರು ಕಟ್ಟುತ್ತಾರೆ. ಹಾಡು ಬಳಸಿದವರಿಂದ ಹಣ ಸಂಗ್ರಹಿಸಿ ರಚಿಸಿದವರಿಗೆ ಹಂಚುವ ಹಕ್ಕು ಸಂಘದಲ್ಲಿ ನಿಮ್ಮ ಹಾಡುಗಳು ನೋಂದಣಿಯಾಗಿದ್ದರೆ, ಹಾಡಿದ ಪಟ್ಟಿಯನ್ನು ಪ್ರತಿ ಕಾರ್ಯಕ್ರಮದ ನಂತರ ಕಳಿಸಿ. ಪಟ್ಟಿ ಕಳಿಸದವರಿಗೆ ರಾಯಧನದ (ರಾಯಲ್ಟಿ) ಪಾಲು ಬರುವುದು ಕಷ್ಟ.

5. ಹಾಡು–ಕವಿತೆಗಳನ್ನು ಹೆಣೆಯುವುದು

ನಲವತ್ತು ನಿಮಿಷದ ಎರಡು ಭಾಗ, ನಡುವೆ ಇಪ್ಪತ್ತು ನಿಮಿಷ ವಿರಾಮ. ಒಂದು ಭಾಗದಲ್ಲಿ ನಾಲ್ಕು ನಿಮಿಷದ 7 ಹಾಡು (28 ನಿಮಿಷ), ಒಂದೂವರೆ ನಿಮಿಷದ 4 ಕವಿತೆ (6 ನಿಮಿಷ), ಮಾತು ಮತ್ತು ಶ್ರುತಿಗೆ 6 ನಿಮಿಷ. ಹದಿನಾರು ಸಾಲಿನ ಕವಿತೆಯನ್ನು ನಿಧಾನವಾಗಿ ಓದಿದರೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟು ಇಡೀ ಭಾಗವನ್ನು ನಿಂತುಕೊಂಡೇ ಹಾಡಿ, ಓದಿ ನೋಡಿ.

ಮೊದಲ ಎರಡು ಹಾಡು ಬೆನ್ನುಬೆನ್ನಿಗೇ ಬರಲಿ, ಮಾತು ಬೇಡ. ಕಿವಿ ನಿಮ್ಮ ದನಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಮೊದಲ ಕವಿತೆ ಮೂರನೆಯದಾಗಿ ಬರಲಿ, ಚಿಕ್ಕದಾಗಿರಲಿ. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗಿಟ್ಟು, ಶ್ರುತಿ ಬದಲಿಸುವ ಜಾಗದಲ್ಲಿ ಕಂಠಪಾಠವಾದ ಕವಿತೆ ಇಟ್ಟರೆ ಕೈ ತಿರುಪು ತಿರುಗಿಸುತ್ತಿರುವಾಗ ಸಭೆ ಕಾಯಬೇಕಾಗುವುದಿಲ್ಲ. ಇದಕ್ಕೆ ಸದ್ದಿಲ್ಲದ ಕ್ಲಿಪ್ ಟ್ಯೂನರ್ (ಗಿಟಾರಿನ ತಲೆಗೆ ಸಿಕ್ಕಿಸಿ ಶ್ರುತಿ ನೋಡುವ ಸಾಧನ) ಬೇಕು, ಮತ್ತು ತಾಲೀಮು ಬೇಕು. ತಾಲೀಮಿಲ್ಲದೆ ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ.

ಪುಟದ ಮೇಲೆ ಚೆನ್ನಾಗಿರುವ ಕವಿತೆಯೆಲ್ಲ ಕಿವಿಗೆ ಒಗ್ಗುವುದಿಲ್ಲ. ಓದುಗರಿಗೆ ಹಿಂದಿನ ಸಾಲಿಗೆ ಮರಳುವ ಅವಕಾಶ ಇದೆ, ಕೇಳುಗರಿಗೆ ಇಲ್ಲ. ಒಂದು ಸಾಲನ್ನೇ ನೋಡೋಣ:

"ಹೊಳೆಯ ದಂಡೆಗೆ ಒಲೆಯ ಹೂಡಿ"

ಕಣ್ಣಿಗೆ ಇದು ಇಂಪಾದ ಸಾಲು. ಗುಂಗು ಹಿಡಿಯುವ, ಅಂದರೆ ಸದ್ದು ಗೋಡೆಗಳಿಗೆ ಬಡಿದು ಉಳಿದುಕೊಳ್ಳುವ ಸಭಾಂಗಣದಲ್ಲಿ ಮೊದಲಿಗೆ 'ಹ' ಅಳಿಸಿಹೋಗುತ್ತದೆ, ಆಮೇಲೆ 'ಳ' ಮತ್ತು 'ಲ' ಒಂದಾಗುತ್ತವೆ. ಹಿಂದಿನ ಕುರ್ಚಿಗಳಲ್ಲಿ ಕೂತವರಿಗೆ "ಒಲೆಯ ದಂಡೆಗೆ ಒಲೆಯ ಹೂಡಿ" ಎಂದು ಕೇಳಿಸುತ್ತದೆ. ವೇದಿಕೆಗೆಂದು "ನದಿಯ ದಂಡೆಗೆ ಒಲೆಯ ಹೂಡಿ" ಎಂದು ಬದಲಿಸಿಕೊಳ್ಳಿ, ಪುಸ್ತಕದಲ್ಲಿ ಹಳೆಯದೇ ಇರಲಿ. ಹೀಗೆ ಪ್ರತಿ ಕವಿತೆಯನ್ನೂ ಇನ್ನೊಂದು ಕೋಣೆಯಲ್ಲಿ ಕೂತವರಿಗೆ ಗೋಡೆಯಾಚೆಯಿಂದ ಓದಿ, ಅವರು ಏನು ಕೇಳಿಸಿಕೊಂಡರೋ ಬರೆಸಿಕೊಳ್ಳಿ. ಎಡವುವ ಪದಗಳು ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತವೆ.

ಓದುವ ಮುಂಚೆ ಕವಿತೆಯ ಅರ್ಥ ಬಿಡಿಸಿ ಹೇಳಬೇಡಿ. ಅಪರಿಚಿತ ಪದ, ಜಾಗ, ಹೆಸರು ಇದ್ದರೆ ಅಷ್ಟನ್ನೇ ಒಂದು ವಾಕ್ಯದಲ್ಲಿ ತಿಳಿಸಿ. ಹಾಳೆಯಲ್ಲಿ ಅಕ್ಷರದ ಅಳತೆ 16 ಪಾಯಿಂಟ್ ಇರಲಿ, ಕವಿತೆಯ ನಡುವೆ ಪುಟ ತಿರುವಬೇಕಾಗದಂತೆ ಜೋಡಿಸಿ, ಬೈಂಡರಿಗೆ ಹಾಕಿ. ಬಿಡಿ ಹಾಳೆ ಫ್ಯಾನ್ ಗಾಳಿಗೆ ಹಾರುತ್ತದೆ, ಫೋನ್ ಪರದೆಯ ನೀಲಿ ಬೆಳಕು ಮುಖಕ್ಕೆ ಬಡಿಯುತ್ತದೆ.

6. ಧ್ವನಿ

ಮೊದಲು ಮೈಕು ಬೇಕೇ ಎಂದು ನಿರ್ಧರಿಸಿ. ಮೂವತ್ತು ಜನರ ಕೋಣೆ, ತಗ್ಗಿನ ಚಾವಣಿ, ಪರದೆ, ಪುಸ್ತಕದ ಕಪಾಟು ಇದ್ದರೆ ಬೇಡವೇ ಬೇಡ. ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಒಂದು ಸೆಕೆಂಡಿನೊಳಗೆ ಅಡಗಿದರೆ ಮಾತಿಗೆ ಒಳ್ಳೆಯ ಜಾಗ. ಎರಡು ಸೆಕೆಂಡ್ ಉಳಿದರೆ, ಕಲ್ಲು ಗಾರೆಯ ಎತ್ತರದ ಕಟ್ಟಡಗಳಲ್ಲಿ ಹಾಗಾಗುತ್ತದೆ, ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಬಂದು ಕಲಸಿಹೋಗುತ್ತದೆ. ಅಂಥ ಕಡೆ ದನಿ ಏರಿಸಿದರೆ ಗುಂಗೂ ಅಷ್ಟೇ ಏರುತ್ತದೆ. ಕುರ್ಚಿಗಳನ್ನು ಹತ್ತಿರ ಎಳೆಯಿರಿ, ನಿಧಾನಿಸಿ, ಸಾಲಿನ ಕೊನೆಗೆ ಪೂರ್ತಿ ಒಂದು ಉಸಿರು ನಿಲ್ಲಿ, ಗಿಟಾರಿನಲ್ಲಿ ದಪ್ಪ ತಂತಿಗಳ ಬಡಿತ ಕಡಿಮೆ ಮಾಡಿ.

ಹೊತ್ತು ಒಯ್ಯಬೇಕಾದ ಸಾಮಾನು ಇಷ್ಟು: ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಡೈನಮಿಕ್ (ಹೊರಗಿನ ವಿದ್ಯುತ್ ಬೇಡದ) ಮೈಕು ಎರಡು (1966ರಿಂದ ತಯಾರಾಗುತ್ತಿರುವ ಶೂರ್ ಎಸ್‌ಎಂ58 ಅಥವಾ ಅದರ ಜಾತಿಯದು), ಸ್ಟ್ಯಾಂಡ್ ಎರಡು, 10 ಮೀಟರಿನ ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿಗೆ ಹಾಕುವ ಮೂರು ಪಿನ್ನಿನದು) ಮೂರು, ಗಿಟಾರ್ ಕೇಬಲ್ ಎರಡು, ಡಿಐ ಪೆಟ್ಟಿಗೆ (ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವುದು) ಒಂದು, ನಾಲ್ಕು ಚಾನೆಲ್ಲಿನ ಮಿಕ್ಸರ್, 8 ಅಥವಾ 10 ಇಂಚಿನ ಬ್ಯಾಟರಿ ಸ್ಪೀಕರ್ ಮತ್ತು ಕಂಬ, ಬಟ್ಟೆಯ ಅಂಟುಪಟ್ಟಿ, ಟಾರ್ಚ್. ಎಂಬತ್ತು ಜನರವರೆಗೆ ಇದು ಸಾಕು. ಗಿಟಾರ್ ಕೇಬಲ್ 6 ಮೀಟರ್ ದಾಟದಿರಲಿ, ಉದ್ದವಾದಷ್ಟೂ ತಂತಿಯ ಮಿನುಗು ಕಳೆದುಹೋಗುತ್ತದೆ. ಗಿಟಾರಿನೊಳಗೆ ಪ್ರೀಆಂಪ್ (ಸಂಕೇತಕ್ಕೆ ಬಲ ಕೊಡುವ ಸಣ್ಣ ಸಾಧನ) ಇಲ್ಲದ ಬರೀ ಪೀಜೊ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತುಂಡು) ಇದ್ದರೆ ಸಾಧಾರಣ ಡಿಐ ಹೊಂದುವುದಿಲ್ಲ, ನಾದ ತೆಳ್ಳಗೆ, ಕರ್ಕಶವಾಗಿ ಬರುತ್ತದೆ. 1 ಮೆಗಾಓಮ್ ಅಥವಾ ಅದಕ್ಕೂ ಹೆಚ್ಚಿನ ರೋಧದ (ಇಂಪೀಡೆನ್ಸ್) ಇನ್‌ಪುಟ್ ಇರುವ ಆಕ್ಟಿವ್ ಡಿಐ ಬೇಕು. ಅದಕ್ಕೆ ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಮೈಕಿನ ಕೇಬಲಿನ ಮೂಲಕವೇ ಬರುವ ವಿದ್ಯುತ್) ಅಥವಾ ಬ್ಯಾಟರಿ ಬೇಕಾಗುತ್ತದೆ.

ಜೋಡಿಸುವ ಕ್ರಮ:

ಸ್ಪೀಕರನ್ನು ಕಂಬಕ್ಕೇರಿಸಿ, ಅದರ ಮೇಲಿನ ಚಿಕ್ಕ ಬಾಯಿ (ಹಾರ್ನ್) ನೆಲದಿಂದ 1.8ರಿಂದ 2 ಮೀಟರ್ ಎತ್ತರಕ್ಕೆ ಬರಲಿ. ಕೂತವರ ಕಿವಿ ಸುಮಾರು 1.2 ಮೀಟರಿನಲ್ಲಿರುತ್ತದೆ. ಸ್ಪೀಕರ್ ತಗ್ಗಿದ್ದರೆ ವ್ಯಂಜನಗಳನ್ನೆಲ್ಲ ಮುಂದಿನ ಸಾಲಿನವರ ಮೈಯೇ ಹೀರಿಬಿಡುತ್ತದೆ.

ಸ್ಪೀಕರ್ ಮೈಕಿಗಿಂತ ಒಂದೂವರೆ ಮೀಟರ್ ಮುಂದೆ, ಪಕ್ಕಕ್ಕೆ ಇರಲಿ. ಕಾರ್ಡಿಯಾಯ್ಡ್ ಮೈಕಿಗೆ ಕೇಳದ ದಿಕ್ಕು ನೇರ ಹಿಂಬದಿ. ಸೂಪರ್‌ಕಾರ್ಡಿಯಾಯ್ಡಿಗೆ (ಇನ್ನೂ ಕಿರಿದಾಗಿ ಹಿಡಿಯುವ ಮೈಕು) ಎದುರಿನಿಂದ ಸುಮಾರು 126 ಡಿಗ್ರಿ, ಅಂದರೆ ಹಿಂದಿನ ಎರಡು ಓರೆಗಳು. ಮಾನಿಟರ್ (ಹಾಡುವವರಿಗೇ ಕೇಳಿಸಲು ಇಡುವ ಸ್ಪೀಕರ್) ಇಟ್ಟರೆ ಆ ದಿಕ್ಕಿನಲ್ಲೇ ಇಡಿ.

ಬಾಸ್, ಟ್ರೆಬಲ್ ಮುಂತಾದ ಟೋನ್ ಗುಂಡಿಗಳನ್ನೆಲ್ಲ ನಡುವಿಗೆ ತಂದು, ಎಕೊ ನಿಲ್ಲಿಸಿ, ಅತಿ ಜೋರಾಗಿ ಹಾಡುವ ಸಾಲು ಹಾಡುತ್ತ, ಕೆಂಪು ದೀಪ ಹತ್ತದಷ್ಟಕ್ಕೆ ಗೇನ್ (ಒಳಬರುವ ಸಂಕೇತವನ್ನು ಏರಿಸುವ ಗುಂಡಿ) ನಿಲ್ಲಿಸಿ. ದನಿಯ ಚಾನೆಲ್ಲಿಗೆ 100 ಹರ್ಟ್ಜ್ ಹತ್ತಿರದ ಲೋ ಕಟ್ (ಅದಕ್ಕಿಂತ ತಗ್ಗಿನ ಸದ್ದನ್ನು ಕಡಿಯುವ ಗುಂಡಿ) ಹಾಕಿ.

ಈಗ ಕೂಗು (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಹುಟ್ಟುವ ಫೀಡ್‌ಬ್ಯಾಕ್) ಶುರುವಾಗುವವರೆಗೆ ದನಿ ಏರಿಸಿ, ಶುರುವಾದ ಜಾಗದಿಂದ 6 ಡೆಸಿಬಲ್ ಕೆಳಗಿಳಿಸಿ ಅಲ್ಲೇ ಬಿಡಿ. ಊಂ ಎಂಬ ದಪ್ಪ ಕೂಗಾದರೆ (100ರಿಂದ 250 ಹರ್ಟ್ಜ್) ಅದು ಗಿಟಾರಿನ ಹೊಟ್ಟೆಯದು: ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಕೀ ಎಂಬ ಸಣ್ಣ ಕೂಗು (2ರಿಂದ 4 ಕಿಲೊಹರ್ಟ್ಜ್) ದನಿಯ ಮೈಕಿನದು. ಇಲ್ಲಿ ಆತುರಪಟ್ಟು ಟ್ರೆಬಲ್ ಇಳಿಸಬೇಡಿ. ಕ, ತ, ಸ, ಪಗಳ ಸ್ಪಷ್ಟತೆ ಇರುವುದೂ ಅದೇ ಪಟ್ಟಿಯಲ್ಲಿ. ಕೂಗು ನಿಲ್ಲುತ್ತದೆ, ಜೊತೆಗೆ ಮಾತೂ ಸಾಯುತ್ತದೆ. ಮೊದಲು ಮೈಕನ್ನೋ ಸ್ಪೀಕರನ್ನೋ ಅರ್ಧ ಮೀಟರ್ ಸರಿಸಿ ನೋಡಿ.

ಕೊನೆಯ ಪರೀಕ್ಷೆ: ಸಹಾಯಕ್ಕೆ ಬಂದವರೊಬ್ಬರನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪದ ಓದಿ, ಅವರಿಂದ ತಿರುಗಿ ಹೇಳಿಸಿ. ಒಂಬತ್ತು ಸರಿಯಾಗಿದ್ದರೆ ಸಾಕು. "ಕೇಳಿಸ್ತಿದೆಯಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಆ ಉತ್ತರದಿಂದ ಪ್ರಯೋಜನವಿಲ್ಲ. ಖಾಲಿ ಕೋಣೆಯ ಗುಂಗು ಜನ ತುಂಬಿದ ಮೇಲೆ ತಗ್ಗುತ್ತದೆ, ಹಾಗಾಗಿ ಮೊದಲ ಹಾಡಿನ ನಂತರ ಒಮ್ಮೆ ಸರಿಪಡಿಸುವ ಅವಕಾಶ ಇಟ್ಟುಕೊಳ್ಳಿ.

ಹಾಡುವಾಗ ತುಟಿ ಮತ್ತು ಮೈಕಿನ ನಡುವೆ 3–5 ಸೆಂ.ಮೀ., ಓದುವಾಗ 10 ಸೆಂ.ಮೀ. ಹತ್ತಿರ ಬಂದಷ್ಟೂ ಈ ಮೈಕುಗಳು ದನಿಗೆ ದಪ್ಪ ಕೂಡಿಸುತ್ತವೆ. ಹಾಡಿಗೆ ಅದು ಚೆನ್ನ, ಮಾತಿಗೆ ಮಸುಕು. ಪ, ಫ, ಬ, ಭಗಳಲ್ಲಿ ಮೈಕು ಗುದ್ದಿದಂತಾಗುತ್ತಿದ್ದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆಗೆ ತಿರುಗಿಸಿ. ಹಾಡಿಗೆ ಹಾಕಿದ ಎಕೊವನ್ನು ಕವಿತೆಗೆ ಮುಂಚೆ ಆರಿಸಲೇಬೇಕು. ಇದಕ್ಕೇ ಎರಡನೇ ಮೈಕು: ಒಂದು ಹಾಡಿಗೆ, ಎಕೊ ಇಲ್ಲದ ಇನ್ನೊಂದು ಓದಿಗೆ, ಒಂದು ಹೆಜ್ಜೆ ಪಕ್ಕದಲ್ಲಿ. ಜಾಗ ಬದಲಿಸಿ ನಿಂತಾಗ ಕೇಳುಗರ ಕಿವಿಯೂ ತಾನಾಗಿ ಬದಲಾಗುತ್ತದೆ. ನಮ್ಮ ಮಟ್ಟಿಗೆ ಈ ಒಂದು ಏರ್ಪಾಡಿಗೆ ಸುರಿದ ದುಡ್ಡು, ಹೊತ್ತ ಭಾರ ಎಂದೂ ವ್ಯರ್ಥವಲ್ಲ.

ವಿದ್ಯುತ್ತಿನ ಬಗ್ಗೆ ಹಗುರವಾಗಿರಬೇಡಿ. ಹಳೆಯ ಕಟ್ಟಡದಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ, ಗಿಟಾರಿನ ತಂತಿಯ ಮೇಲೆ ಕೈಯಿಟ್ಟು ತುಟಿ ಮೈಕಿಗೆ ತಾಕಿದಾಗ ಶಾಕ್ ಹೊಡೆಯಬಹುದು. ಸಾಕೆಟ್ ಪರೀಕ್ಷಕವನ್ನು ಕಿಟ್ಟಿನಲ್ಲಿಡಿ. ತಪ್ಪು ತೋರಿಸಿದರೆ ಆ ಸಾಕೆಟ್ ಮುಟ್ಟದೆ ಬ್ಯಾಟರಿಯಲ್ಲೇ ನಡೆಸಿ. ಸ್ಪೀಕರಿನಲ್ಲಿ ಗುಂಯ್ ಸದ್ದು ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ (ಸಂಕೇತದ ಕೇಬಲಿನ ಗ್ರೌಂಡನ್ನು ಮಾತ್ರ ಬಿಡಿಸುವುದು) ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ, ಅದು ಜೀವ ಕಾಯುವ ತಂತಿ. ಎಕ್ಸ್‌ಟೆನ್ಷನ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿದಂತೆಯೇ ಬಿಟ್ಟರೆ ಕಾಯುತ್ತದೆ. ಬ್ಯಾಟರಿಯ ಲೆಕ್ಕ ಸುಲಭ: 300 ವ್ಯಾಟ್-ಗಂಟೆಯ ಪೆಟ್ಟಿಗೆಯಿಂದ ನಷ್ಟ ಕಳೆದು ಸುಮಾರು 255 ಸಿಗುತ್ತದೆ, ಸರಾಸರಿ 40 ವ್ಯಾಟ್ ಎಳೆಯುವ ಸಾಮಾನು ಆರು ಗಂಟೆ ನಡೆಯುತ್ತದೆ. ವಿಮಾನದಲ್ಲಿ ಹೋಗುವವರು ನೆನಪಿಡಿ: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಗಂಟೆ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದರೆ ಒಯ್ಯುವಂತಿಲ್ಲ.

7. ಬಯಲಿನಲ್ಲಿ

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ, ತಿರುಗಿಸಿ ಕೊಡಲು ಗೋಡೆ ಇಲ್ಲ. ಬೆನ್ನ ಹಿಂದೆ ಗೋಡೆಯಿರುವ ಜಾಗ ಆರಿಸಿ. ಗಾಳಿ ನಿಮ್ಮ ಬೆನ್ನಿನಿಂದ ಜನರತ್ತ ಬೀಸುವಂತೆ ನಿಲ್ಲಿ. ಎದುರುಗಾಳಿಯಾದರೆ ಸದ್ದು ಮೇಲಕ್ಕೆ ಬಾಗಿ ಹಿಂದಿನವರ ತಲೆಯ ಮೇಲೆ ಹಾದುಹೋಗುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಹಾಡು ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಇಂಥ ಹೊತ್ತಿಗೆಂದೇ ಮೈಕಿಲ್ಲದೆ ನಡೆಯುವ ಇಪ್ಪತ್ತು ನಿಮಿಷದ ಹಾಡು–ಕವಿತೆ ಸಿದ್ಧವಿಟ್ಟುಕೊಂಡಿರಿ.

8. ಮರ ಮತ್ತು ಗಂಟಲು

ಗಿಟಾರಿನ ಮರಕ್ಕೆ 45–55% ತೇವಾಂಶ ಹಿತ. ಒಣಗಿದರೆ ಮೈ ಸೀಳುತ್ತದೆ, ತೇವ ಹೆಚ್ಚಾದರೆ ಹೊಟ್ಟೆ ಉಬ್ಬಿ ತಂತಿ ಮೇಲೇಳುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರು ಅದಕ್ಕೆ ಎಲ್ಲಕ್ಕಿಂತ ದೊಡ್ಡ ಶತ್ರು: ಒಳಗಿನ ಕಾವಿಗೆ ಅಂಟು ಮೆತ್ತಗಾಗಿ ತಂತಿಯ ಎಳೆತಕ್ಕೆ ಬ್ರಿಜ್ (ತಂತಿಗಳನ್ನು ಸಿಕ್ಕಿಸುವ ಮರದ ಪಟ್ಟಿ) ಕಿತ್ತು ಬರುತ್ತದೆ. ಊಟಕ್ಕೆ ಇಳಿದಾಗಲೂ ಜೊತೆಗೆ ಒಯ್ಯಿರಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದರೆ ಪೆಟ್ಟಿಗೆ ಅರ್ಧ ಗಂಟೆ ಮುಚ್ಚಿಯೇ ಇರಲಿ, ಆಮೇಲೆ ಶ್ರುತಿ ಮಾಡಿ. ಹೊಸ ತಂತಿಯನ್ನು ಎರಡು ದಿನ ಮೊದಲೇ ಹಾಕಿ ಎಳೆದು ಬಳಸಿ. ಹೆಚ್ಚುವರಿ ಎರಡು ಜೊತೆ, ಜೊತೆಗೆ ಮೊದಲೆರಡು ತೆಳು ತಂತಿಗಳು ಬಿಡಿಯಾಗಿ ಇರಲಿ. ಸುಮಾರಾಗಿ ಎಲ್ಲ ಪ್ರೀಆಂಪುಗಳೂ ಕೇಬಲ್ ಚುಚ್ಚಿದೊಡನೆ ಚಾಲೂ ಆಗುತ್ತವೆ. ರಾತ್ರಿ ಕೇಬಲ್ ಕೀಳದೆ ಮಲಗಿದರೆ ಮರುದಿನ 9 ವೋಲ್ಟ್ ಬ್ಯಾಟರಿ ಸೋತು ನಾದ ಒಡೆಯುತ್ತದೆ.

ಗಂಟಲು ದಣಿಯುವುದು ಹಾಡಿನಿಂದ ಮಾತ್ರ ಅಲ್ಲ. ಕಾರಿನ ಸದ್ದಿನ ಮೇಲೆ ಮಾತಾಡುವುದು, ಮುಗಿದ ಮೇಲೆ ಗದ್ದಲದಲ್ಲಿ ಒಂದು ಗಂಟೆ ಹರಟುವುದು, ಇವೆರಡು ಅದನ್ನು ಕೊಲ್ಲುತ್ತವೆ. ಜನರೊಡನೆ ಮಾತಾಡಲು ಗದ್ದಲದಿಂದ ದೂರದ ಮೂಲೆ ಹಿಡಿಯಿರಿ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ರಕ್ತದ ಮೂಲಕ ತಲುಪಲು ಹೊತ್ತು ಬೇಕು, ಆದ್ದರಿಂದ ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಹಾಡುವ ಮುಂಚೆ ಹದಿನೈದು ನಿಮಿಷ ತುಟಿ ಕಂಪಿಸುವ ಅಭ್ಯಾಸ, ಅಥವಾ ಸಣ್ಣ ಸ್ಟ್ರಾ ಮೂಲಕ ಮೆಲ್ಲಗೆ ಸ್ವರ ಏರಿಳಿಸುವುದು. ಗಂಟಲು ಮರಗಟ್ಟಿಸುವ ಮಾತ್ರೆ ಚೀಪಿ ಹಾಡಬೇಡಿ, ನೋವು ಗೊತ್ತಾಗದೆ ಗಾಯ ಹೆಚ್ಚುತ್ತದೆ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

9. ಕಾರ್ಯಕ್ರಮದ ದಿನ

ಸಂಜೆ 7ಕ್ಕೆ ಆರಂಭ ಎಂದಾದರೆ 4ಕ್ಕೆ ತಲುಪಿ. 4.30ಕ್ಕೆ ಜೋಡಣೆ, 5.15ಕ್ಕೆ ಧ್ವನಿ ಪರೀಕ್ಷೆ, 5.45ಕ್ಕೆ ಹಗುರವಾದ ಊಟ, 6.30ಕ್ಕೆ ಬಾಗಿಲು. ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ, ಮೊದಲ ಸಾಲು ನಿಮ್ಮಿಂದ ಎರಡು ಮೀಟರಿಗೆ ಹಾಕಿಸಿ. ನಲವತ್ತು ಜನ ಬರಬಹುದು ಎಂದರೆ ಮೂವತ್ತೇ ಕುರ್ಚಿ ಹಾಕಿ, ಹತ್ತನ್ನು ಗೋಡೆಗೆ ಒರಗಿಸಿಡಿ. ಖಾಲಿ ಕುರ್ಚಿಯ ನಡುವೆ ಚದುರಿ ಕೂತವರು ನಗಲೂ ಹಿಂಜರಿಯುತ್ತಾರೆ.

ನಿಮ್ಮ ತಲೆಯ ಮೇಲಿನ ಫ್ಯಾನ್ ಆರಿಸಿ, ಗುರ್ ಎನ್ನುವ ಫ್ರಿಜ್ ಇದ್ದರೆ ಅನುಮತಿ ಕೇಳಿ ಆರಿಸಿ, ಅದರ ಮೇಲೆ ನಿಮ್ಮ ಕಾರಿನ ಕೀಲಿ ಇಡಿ. ಮರಳಿ ಹಾಕದೆ ಹೊರಡಲು ಆಗುವುದೇ ಇಲ್ಲ. ದೀಪ ಎರಡು, ಎಡ ಬಲ ಓರೆಯಿಂದ, ಹಳದಿ ಛಾಯೆಯದು. ನೆತ್ತಿಯ ಮೇಲಿನ ಒಂಟಿ ದೀಪ ಕಣ್ಣಿಗೆ ಕಪ್ಪು ಗುಳಿ ಮೂಡಿಸುತ್ತದೆ. ಸಭೆಯ ಕಡೆ ಪೂರ್ತಿ ಕತ್ತಲು ಬೇಡ, ಓದುವಾಗ ನಾಲ್ಕು ಮುಖವಾದರೂ ನಿಮಗೆ ಕಾಣಬೇಕು.

10. ಪುಸ್ತಿಕೆಯ ಮೇಜು ಮತ್ತು ನಂತರದ ಬರಹ

ಎ5 ಅಳತೆ, ನಡುವೆ ಪಿನ್ ಹೊಡೆದ 32 ಪುಟದ ಪುಸ್ತಿಕೆ ಒಯ್ಯಲು ಹಗುರ, ಕೊಳ್ಳಲು ಸಲೀಸು. ಹಾಳೆ ಮಡಚಿ ಪಿನ್ ಹೊಡೆಯುವುದರಿಂದ ಪುಟಸಂಖ್ಯೆ ನಾಲ್ಕರ ಮಗ್ಗಿಯಲ್ಲೇ ಇರಬೇಕು. ಆ ಸಂಜೆ ಓದುವ ಕವಿತೆಗಳು ಅದರಲ್ಲಿ ಇರಲೇಬೇಕು, ಜನ ಕೇಳುವುದು "ಆಗ ಓದಿದಿರಲ್ಲ, ಅದು ಇದರಲ್ಲಿದೆಯಾ?" ಎಂದು. ಮೊದಲ ಪ್ರವಾಸಕ್ಕೆ ನಿರೀಕ್ಷಿತ ಕೇಳುಗರ ಐದನೇ ಒಂದು ಭಾಗದಷ್ಟು ಪ್ರತಿ ಸಾಕು: 7 ಕಾರ್ಯಕ್ರಮ, ತಲಾ 40 ಜನ ಎಂದರೆ 56. ಮೇಜು ಬಾಗಿಲ ಬಳಿ, ಬೆಳಕಿನಲ್ಲಿ, ಬೇರೆಯವರ ಕೈಯಲ್ಲಿರಲಿ, ಚಿಲ್ಲರೆ ತುಂಬಿದ ಡಬ್ಬಿಯ ಸಮೇತ. ಪಕ್ಕದಲ್ಲೇ ಹೆಸರು, ವಿಳಾಸ ಬರೆಯುವ ಪುಸ್ತಕ, ಮೇಲೆ "ಮುಂದಿನ ಕಾರ್ಯಕ್ರಮದ ಸುದ್ದಿ ಕಳಿಸಲು ಮಾತ್ರ" ಎಂಬ ಸಾಲು.

ಹಣವನ್ನು ಅದೇ ರಾತ್ರಿ ಇಬ್ಬರೂ ಕೂತು ಎಣಿಸಿ, ಬರೆದು, ಸಹಿ ಮಾಡಿ. ತೆರಿಗೆಗೆ ಬೇಕಾದ ಭಾಗವನ್ನು ಆಗಲೇ ಬೇರೆ ಲಕೋಟೆಗೆ ಹಾಕಿ. ಎರಡು ದಿನದೊಳಗೆ ಆಯೋಜಕರಿಗೆ ಕೃತಜ್ಞತೆಯ ಪತ್ರ ಹೋಗಲಿ.

ಮಲಗುವ ಮೊದಲು ಡೈರಿಯಲ್ಲಿ ಒಂದು ಪುಟ. ಬಂದವರೆಷ್ಟು, ಬಂದದ್ದೆಷ್ಟು, ಸಾಕೆಟ್ ಯಾವ ಗೋಡೆಯಲ್ಲಿದೆ, ಚಪ್ಪಾಳೆಯ ಗುಂಗು ಎಷ್ಟು ಹೊತ್ತು, ಯಾವ ಪದ ಹಿಂದಿನ ಸಾಲಿಗೆ ಮುಟ್ಟಲಿಲ್ಲ, ಯಾವ ಕವಿತೆಗೆ ಸಭೆ ಉಸಿರು ಹಿಡಿಯಿತು, ಕುರ್ಚಿ ಹಾಕಿದವರ, ಬೀಗ ತೆರೆದವರ ಹೆಸರು. ಅದೇ ಊರಿಗೆ ಮತ್ತೆ ಹೋಗಲು ಒಂದು ವರ್ಷ, ಒಂದೂವರೆ ವರ್ಷ ಬಿಡಿ, ಅರ್ಧಕ್ಕರ್ಧ ಹೊಸ ಹಾಡು–ಕವಿತೆ ಕೈಯಲ್ಲಿರಲಿ. ಹೊರಡುವ ಹಿಂದಿನ ದಿನ ಆ ಪುಟ ತೆರೆದು ಓದಿಕೊಳ್ಳಿ, ಬೀಗ ತೆರೆದವರನ್ನು ಹೆಸರು ಹಿಡಿದು ಮಾತಾಡಿಸಬಹುದು.